ಎಲೆಗೆ ನೆನಪಿರಬಾರದು

ಇಸ್ಪೀಟು ಅಂದ ತಕ್ಷಣ ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡ್ತೀನಿ. ಪೋಕರ್ ಆಡಿ ದುಡ್ಡು ಮಾಡೋದು ಹೇಗೆ ಅಂತ ನಾನು ಬರೀತಿಲ್ಲ. ಅದಕ್ಕೆ ಬೇಕಾದ ಧೈರ್ಯವೂ ನನಗಿಲ್ಲ, ದುಡ್ಡೂ ಇಲ್ಲ :) ಇದು ಬರೀ ಎಲೆಗಳ ಬಗ್ಗೆ.

2024ರಲ್ಲಿ ಆಫೀಸ್ ಕೆಲಸದ ಮೇಲೆ ಲಾಸ್ ವೇಗಸ್‌ಗೆ ಹೋಗಿದ್ದೆ. ಸಂಜೆ ಹೊತ್ತು ಕೆಲಸ ಇರ್ತಿರಲಿಲ್ಲ, ಪೋಕರ್ ರೂಮಿನ ಹೊರಗೆ ನಿಂತು ನೋಡ್ತಿದ್ದೆ. ಜೊತೆಗಿದ್ದವರ ಕಣ್ಣೆಲ್ಲ ಚಿಪ್ಸ್ ರಾಶಿ ಮೇಲೆ. ನನಗೆ ಮಾತ್ರ ಒಂದೇ ಆಶ್ಚರ್ಯ: ಇಡೀ ದಿನ ಇಷ್ಟು ಜನರ ಕೈಗೆ ಸಿಕ್ಕೂ ಈ ಎಲೆಗಳು ಹೊಸದರ ಹಾಗೆ ಹೇಗಿವೆ?

ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ಒಬ್ಬೊಬ್ಬರಿಗೆ ಮುಚ್ಚಿದ ಎರಡೆರಡು ಎಲೆ. ನಮ್ಮ ರಮ್ಮಿ ಥರ ಬೀಸಣಿಗೆ ಮಾಡಿ ಹಿಡಿದರೆ ಪಕ್ಕದವನಿಗೆ ಕಂಡೀತು ಅಂತ ಭಯ. ಹಾಗಾಗಿ ಎಲೆಯನ್ನು ಟೇಬಲ್ ಮೇಲೇ ಬಿಟ್ಟು, ಅಂಗೈ ಅಡ್ಡ ಇಟ್ಟು, ಹೆಬ್ಬೆರಳಲ್ಲಿ ಮೂಲೆ ಎತ್ತಿ ಇಣುಕ್ತಾರೆ. ಪ್ರತಿ ಸಲವೂ ಆ ಮೂಲೆ ಬಾಗುತ್ತೆ. ಎಂಜಿನಿಯರ್ ಬುದ್ಧಿ ಎಲ್ಲಿ ಬಿಡುತ್ತೆ, ಲೆಕ್ಕ ಹಾಕಿದೆ. ಟೇಬಲ್ಲಿಗೆ 9 ಜನ, ಅಂದ್ರೆ ಒಂದು ಆಟಕ್ಕೆ 18 ಎಲೆ. ಗಂಟೆಗೆ 30 ಆಟ ಅಂತಿಟ್ಟುಕೊಂಡರೆ 540. ಬೇರೆ ಬೇರೆ ಬಣ್ಣದ ಎರಡು ಕಟ್ಟುಗಳನ್ನು ಒಂದಾದ ಮೇಲೊಂದು ಬಳಸ್ತಾರೆ, ಒಟ್ಟು 104 ಎಲೆ. ಒಂದೊಂದು ಎಲೆಯೂ ಗಂಟೆಗೆ ಐದು ಸಲ ಬಾಗಬೇಕು. ದಿನಕ್ಕೆ ಸುಮಾರು 125 ಸಲ! ನಮ್ಮ ಬೀದಿ ಕೊನೆಯ ಅಂಗಡಿಯ ರಟ್ಟಿನ ಎಲೆಯಾಗಿದ್ದರೆ ಮಧ್ಯಾಹ್ನದೊಳಗೆ ನಾಯಿ ಕಿವಿಯಾಗಿರ್ತಿತ್ತು.

ಅದಕ್ಕೇ ಇಲ್ಲಿ ಪೂರ್ತಿ ಪ್ಲಾಸ್ಟಿಕ್ ಎಲೆ. ಕೆಮ್ ಅನ್ನೋ ಕಂಪನಿಯದು ಸೆಲ್ಯುಲೋಸ್ ಅಸಿಟೇಟಿನದು, ಬ್ರೆಜಿಲ್ ಮೂಲದ ಕೊಪಾಗ್ ಕಂಪನಿಯದು ಪಿವಿಸಿಯದು. ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತೆ. ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬಳಸಬಹುದು. ಅದೇ ಕ್ಯಾಸಿನೋದ ಬ್ಲ್ಯಾಕ್‌ಜಾಕ್ ಟೇಬಲ್ಲಿನಲ್ಲಿ ಸಾಮಾನ್ಯವಾಗಿ ಕಾಗದದ ಎಲೆಯೇ ಇರುತ್ತೆ. ಅಲ್ಲಿ ಬಹಳ ಕಡೆ ಆಟಗಾರರು ಎಲೆ ಮುಟ್ಟುವ ಹಾಗೇ ಇಲ್ಲ, ಕೆಲವು ಗಂಟೆ ಆಡಿಸಿ ತೆಗೆದುಬಿಡ್ತಾರೆ. ಮಧ್ಯೆ ತೂತು ಕೊರೆದ ಹಳೇ ಕಟ್ಟುಗಳು ನೆನಪಿನ ಕಾಣಿಕೆ ಮಾರುವ ಅಂಗಡಿಗಳಲ್ಲಿ ಸಿಗುತ್ವೆ.

ಆದರೆ ಇಲ್ಲಿ ಬಾಳಿಕೆ ಅನ್ನೋ ಪದಕ್ಕೇ ಬೇರೆ ಅರ್ಥ ಇದೆ ಅನ್ನಿಸ್ತು. ಚಪ್ಪಲಿ ಬಾಳಿಕೆ ಬರೋದು ಅಂದ್ರೆ ಹರಿಯದೆ ಇರೋದು. ಪೋಕರ್ ಎಲೆಗೆ ಅಷ್ಟು ಸಾಲದು. ಅದು ಉಳಿದ 51ರ ಹಾಗೇ ಕಾಣ್ತಾ ಇರಬೇಕು. ಇಸ್ಪೀಟ್ ಎಕ್ಕದ ಬೆನ್ನಿನ ಮೇಲೆ ಒಂದೇ ಒಂದು ಉಗುರಿನ ಗೀರು ಬಿದ್ದರೂ ಸಾಕು, ಎಲೆ ಗಟ್ಟಿಯಾಗಿದ್ದರೂ ಆಟ ಕೆಟ್ಟಿತು. ಡೀಲರ್ ಕಣ್ಣಿಗೆ ಅದು ಬಿದ್ದರೆ ಆ ಒಂದು ಎಲೆಯಿಂದಾಗಿ ಇಡೀ ಕಟ್ಟೇ ಟೇಬಲ್ಲಿನಿಂದ ಎದ್ದು ಹೋಗುತ್ತೆ.

ನಮ್ಮಜ್ಜನ ಮನೆಯಲ್ಲಿ ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ಜಗಲಿ ಮೇಲೆ ಇಸ್ಪೀಟು ಕಡ್ಡಾಯ. ಆ ಕಟ್ಟಿನಲ್ಲಿ ಆಟಿನ್ ರಾಣಿಗೆ ಎಣ್ಣೆ ಕಲೆ, ಕಳಾವರ್ ಗುಲಾಮನಿಗೆ ಮುರಿದ ಮೂಲೆ. ಯಾರ ಕೈಲಿ ರಾಣಿ ಇದ್ದಾಳೆ ಅಂತ ಎಲ್ಲರಿಗೂ ಗೊತ್ತು. "ಲೋ, ಎಲೆ ಸರಿಯಾಗಿ ಹಿಡ್ಕೊಳ್ಳೋ" ಅಂತ ಅಜ್ಜನೇ ನಗ್ತಿದ್ರು. ಎಲ್ಲರಿಗೂ ಗೊತ್ತಿರೋ ಗುರುತು ಮೋಸ ಆಗಲ್ಲ ನೋಡಿ. ಹೆಸರೇ ಗೊತ್ತಿಲ್ಲದ ಒಂಬತ್ತು ಜನ ದುಡ್ಡಿಟ್ಟು ಕೂತಾಗ, ಒಬ್ಬನಿಗೆ ಮಾತ್ರ ಗೊತ್ತಿರೋ ಗುರುತು ಮೋಸ. ಅಲ್ಲಿ ಎಲೆಗೆ ತನ್ನ ಹಿಂದಿನ ಆಟದ ನೆನಪೇ ಇರಬಾರದು.

ಡೀಲರ್ ಎಲೆ ಮುಟ್ಟುವ ಕ್ರಮವೆಲ್ಲ ಇದಕ್ಕಾಗಿಯೇ ಇದೆ. ಹೊಸ ಕಟ್ಟು ಬಂದಾಗ ಮೊದಲು ಮುಖ ಮೇಲೆ ಮಾಡಿ ಹರಡಿ ಎಲ್ಲರಿಗೂ ತೋರಿಸ್ತಾರೆ. ಆಮೇಲೆ ಕವುಚಿ, ಎರಡೂ ಕೈಯಲ್ಲಿ ಮುದ್ದೆ ನಾದುವ ಹಾಗೆ ಟೇಬಲ್ ತುಂಬ ಕಲಸ್ತಾರೆ. ಕೈಯಲ್ಲಿ ಕಲಸುವಾಗಲೂ ಕಟ್ಟನ್ನು ಟೇಬಲ್ಲಿಗೆ ಒತ್ತಿಕೊಂಡೇ ಇರ್ತಾರೆ, ಯಾವ ಎಲೆಯ ಮುಖವೂ ಇಣುಕಬಾರದು ಅಂತ. ಕಟ್ ಮಾಡಿದ ಮೇಲೆ ಕೆಳಗಿನ ಎಲೆ ಕಾಣದ ಹಾಗೆ ಬೇರೆ ಬಣ್ಣದ ಒಂದು ಖಾಲಿ ಕಾರ್ಡ್ ಅಡಿಯಲ್ಲಿಡ್ತಾರೆ.

ಈಗ ಬಹಳ ಕಡೆ ಕಲಸುವ ಕೆಲಸ ಟೇಬಲ್ ಒಳಗಿನ ಮಷೀನಿನದು. ಕೈಚಳಕದ ಭಯ ತಪ್ಪಿತು ಅಂತ ನಾವು ಸಾಫ್ಟ್‌ವೇರ್ ಮಂದಿ ಖುಷಿಪಡಬಹುದು... ತಡೀರಿ. ಡೆಕ್‌ಮೇಟ್ 2 ಅನ್ನೋ ಮಷೀನಿನೊಳಗೆ 52 ಎಲೆಯೂ ಇದೆಯಾ ಅಂತ ನೋಡೋಕೆ ಒಂದು ಕ್ಯಾಮೆರಾ ಇದೆ. 2023ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಐಒಆಕ್ಟಿವ್ ಸಂಸ್ಥೆಯ ಸಂಶೋಧಕರು ಅದರ ಯುಎಸ್‌ಬಿ ಕಿಂಡಿಗೆ ಒಂದು ಪುಟ್ಟ ಸಾಧನ ಸಿಕ್ಕಿಸಿ, ಅದೇ ಕ್ಯಾಮೆರಾದಿಂದ ಇಡೀ ಕಟ್ಟಿನ ಕ್ರಮ ಓದಬಹುದು ಅಂತ ತೋರಿಸಿದರು. 2025ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ರಾಸಿಕ್ಯೂಟರುಗಳು, ಖಾಸಗಿ ಪೋಕರ್ ಆಟಗಳಲ್ಲಿ ತಿದ್ದಿದ ಕಲಸುವ ಮಷೀನು ಇಟ್ಟು ಮೋಸ ಮಾಡಿದ್ದಾರೆ ಅಂತ ಹಲವರ ಮೇಲೆ ಆರೋಪ ಹೊರಿಸಿದರು. ಎಲೆ ಮರೆತದ್ದನ್ನು ಮಷೀನು ನೆನಪಿಟ್ಟುಕೊಳ್ತು!

ಎಲೆಯ ಬೆನ್ನಿನ ಗೀರನ್ನು ಟೇಬಲ್ಲಿಗೆ ಕೂತ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು, "ಕಟ್ಟು ಬದಲಿಸಿ" ಅಂತ ಕೇಳಬಹುದು. ಕೋಡಿನೊಳಗಿನ ಗೀರನ್ನು ಯಾರು ತೋರಿಸಬೇಕು? ದಿನವಿಡೀ ಕೋಡ್ ಬರೆಯೋ ನನಗೆ ಪ್ಲಾಸ್ಟಿಕ್ಕಿಗಿಂತ ಆ ಕೇಳುವ ಹಕ್ಕೇ ಹೆಚ್ಚು ಗಟ್ಟಿ ಅನ್ನಿಸುತ್ತೆ. ನೀವೇನಂತೀರಿ?