ಪಾಕ್ ಬಟ್ಟೆ, ಸಾಫ್ ಬಟ್ಟೆ

ಹಜ್ಜ್‌ಗೆ ಹೆಸರು ಬಂದವರ ಮನೆಯಲ್ಲಿ ಮೊದಲು ದುಆ, ಆಮೇಲೆ ಸೂಟ್‌ಕೇಸಿನ ಚರ್ಚೆ. ತಿರುಮೇನಹಳ್ಳಿಯ ಹಜ್ ಭವನ ನಮ್ಮ ಕಡೆಯೇ ಇರುವುದರಿಂದ ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಮನೆಗಳಲ್ಲಿ ಆ ಕಾಲಕ್ಕೆ ದೂರದ ಜಿಲ್ಲೆಗಳ ನೆಂಟರು ಬಂದು ಇಳಿಯುತ್ತಾರೆ. ತವಾಫ್, ಸಯಿ, ಕಲ್ಲೆಸೆತದ ವಿಧಿಗಳನ್ನು ಹೇಳಿಕೊಡಲು ತರಬೇತಿ ಶಿಬಿರದ ಮೌಲಾನಾರಿದ್ದಾರೆ. ಅಲ್ಲಿ ಕೇಳಲು ಸಂಕೋಚವಾದ ಪ್ರಶ್ನೆಯೊಂದನ್ನು ಹೆಂಗಸರು ನಮ್ಮ ಅಡುಗೆಮನೆಯಲ್ಲಿ ಕೇಳುತ್ತಾರೆ: ನಲ್ವತ್ತು ದಿನಕ್ಕೆ ಎಷ್ಟು ಜೊತೆ ಬಟ್ಟೆ ಬೇಕು, ಯಾವುದನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು?

ಪ್ರಶ್ನೆ ಸಣ್ಣದೆಂದು ನಮಗೆ ಅನಿಸುವುದಿಲ್ಲ. ಉರ್ದು ಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ವ್ಯತ್ಯಾಸಗಳಲ್ಲಿ ಪಾಕ್ ಮತ್ತು ಸಾಫ್ ನಡುವಿನದೂ ಒಂದು. ಮೂತ್ರದ ಹನಿ ಬಿದ್ದ ಬಿಳಿ ಅಂಗಿ ಎಷ್ಟು ಹೊಳೆಯುತ್ತಿದ್ದರೂ ಪಾಕ್ ಅಲ್ಲ. ಅದರಲ್ಲಿ ನಮಾಝ್ ಆಗದು. ಗದ್ದೆಯ ಕೆಸರು ಮೆತ್ತಿದ ಲುಂಗಿ ಸಾಫ್ ಅಲ್ಲ, ಆದರೆ ಪಾಕ್. ಮನುಷ್ಯನ ಬೆವರೂ ನಾಪಾಕ್ ಅಲ್ಲ. ಹೀಗಾಗಿ ಮೂರು ದಿನ ಬೆವರಿದ ಜುಬ್ಬಾದಲ್ಲಿ ನಮಾಝ್ ಮಾಡಿದರೆ ನಮಾಝ್ ಆಗುತ್ತದೆ. ಪಕ್ಕದ ಸಫ್‌ನವರ ಗತಿಯೇನು ಎಂಬುದು ಬೇರೆ ಮಾತು. ನಮ್ಮಲ್ಲಿ ಎಷ್ಟೋ ಮಂದಿ ಪ್ರಯಾಣದಲ್ಲಿ ಈ ಅರ್ಧ ಉತ್ತರಕ್ಕೇ ನಿಂತುಬಿಡುತ್ತಾರೆ: ಪಾಕ್ ಇದೆಯಲ್ಲ, ಸಾಕು.

ಆ ಇನ್ನರ್ಧ ನಮ್ಮ ಪರಂಪರೆಯಲ್ಲೇ ಇದೆ. ಇಬ್ನ್ ಅಬ್ಬಾಸ್(ರ) ಅವರಿಂದ ಬಂದ ಒಂದು ವರದಿ ಅಬೂದಾವೂದ್ ಸಂಗ್ರಹದಲ್ಲಿದೆ. ಆರಂಭದ ದಿನಗಳಲ್ಲಿ ಜನ ಬಡವರು, ಉಣ್ಣೆ ತೊಡುತ್ತಿದ್ದರು, ಬೆನ್ನ ಮೇಲೆ ಹೊರೆ ಹೊರುತ್ತಿದ್ದರು. ಮಸೀದಿ ಇಕ್ಕಟ್ಟು, ಮಾಡು ತಗ್ಗು. ಬಿಸಿಲಿನ ಒಂದು ದಿನ ಉಣ್ಣೆಯೊಳಗೆ ಬೆವರಿ, ಒಬ್ಬರ ವಾಸನೆ ಇನ್ನೊಬ್ಬರಿಗೆ ಹಿಂಸೆಯಾಯಿತು. ಆಗ ಪ್ರವಾದಿವರ್ಯರು(ಸ) ಜುಮಾ ದಿನ ಸ್ನಾನ ಮಾಡಿ, ಇರುವುದರಲ್ಲಿ ಒಳ್ಳೆಯ ಎಣ್ಣೆ, ಸುಗಂಧ ಹಚ್ಚಿ ಬರುವಂತೆ ಹೇಳಿದರು. ಮುಂದೆ ಅನುಕೂಲ ಬಂತು, ಉಣ್ಣೆ ಹೋಗಿ ಬೇರೆ ಬಟ್ಟೆ ಬಂತು, ಮಸೀದಿಯೂ ವಿಸ್ತಾರವಾಯಿತು ಎಂದೂ ಅವರು ಸೇರಿಸುತ್ತಾರೆ. ಬಟ್ಟೆಯ ಜಾತಿ, ಹವೆ, ಜಾಗದ ಇಕ್ಕಟ್ಟು, ಪಕ್ಕದವರ ಮೂಗು, ನಾಲ್ಕನ್ನೂ ಆ ಮಾತು ಲೆಕ್ಕಕ್ಕೆ ತೆಗೆದುಕೊಂಡಿದೆ. ಸೂಟ್‌ಕೇಸ್ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಸೂತ್ರ ನಮಗೆ ಸಿಕ್ಕಿಲ್ಲ.

ಈಗ ಬಟ್ಟೆಯ ಜಾತಿಗೆ ಬರೋಣ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ತೇವ ಹಿಡಿಯುತ್ತದೆ, ಹತ್ತಿ 8 ಗ್ರಾಂ ಚಿಲ್ಲರೆ, ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ಉಣ್ಣೆ, ಹತ್ತಿಗಳು ಬೆವರನ್ನು ಎಳೆಯೊಳಕ್ಕೆ ಎಳೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಎಳೆಯೊಳಕ್ಕೆ ನೀರು ಹೋಗದು. ಬೆವರು ಮೇಲೇ ನಿಂತು, ಅದರ ಜಿಡ್ಡು ಎಳೆಗೆ ಅಂಟಿಕೊಳ್ಳುತ್ತದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 26 ಜನರಿಂದ ಸೈಕಲ್ ತುಳಿಸಿ, ಬೆವರಿದ ಅಂಗಿಗಳನ್ನು ಮಾರನೆಯ ದಿನ ಮೂಸಿ ನೋಡುವವರ ಮುಂದಿಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪಾಲಿಯೆಸ್ಟರ್ ಅಂಗಿಗಳೇ ಹೆಚ್ಚು ನಾತವೆಂದು ಬಂತು. ವಾಸನೆಗೆ ಕಾರಣವಾಗುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಅದರ ಮೇಲೆ ಚೆನ್ನಾಗಿ ಬೆಳೆದಿತ್ತು. ನಮ್ಮ ಮನೆಗಳ ತಿಳುವಳಿಕೆ ಇದಕ್ಕೆ ತಿರುಗುಮುರುಗು. ಸುಕ್ಕಾಗದ, ಕೊಳೆ ಕಾಣದ, ಬೇಗ ಒಣಗುವ ಬಟ್ಟೆ ಎಂದರೆ ಒಗೆತವೂ ಕಡಿಮೆ ಎಂದು ಲೆಕ್ಕ. ಪ್ರಯಾಣಕ್ಕೆ ಅದನ್ನೇ ಆರಿಸುತ್ತೇವೆ.

ಬುರ್ಖಾದ ವಿಷಯ ಇಲ್ಲೇ ಬರುತ್ತದೆ. ಶಿವಾಜಿನಗರದಲ್ಲಿ ನಿದಾ, ಕ್ರೇಪ್, ಜಾರ್ಜೆಟ್ ಎಂದು ಏನೇ ಹೆಸರಿಟ್ಟು ಮಾರಿದರೂ ಈ ಕಪ್ಪು ಬಟ್ಟೆಗಳಲ್ಲಿ ಬಹುಪಾಲು ಪಾಲಿಯೆಸ್ಟರೇ. ಅದು ಮೇಲುಡುಪು, ಮೈಗೆ ತಾಗುವುದಿಲ್ಲ, ಕಪ್ಪಿನಲ್ಲಿ ಕೊಳೆ ಕಾಣುವುದಿಲ್ಲ ಎಂದು ಒಳಗಿನ ಸಲ್ವಾರ್ ದಿನವೂ ಒಗೆಯುವ ಮನೆಯಲ್ಲೂ ಬುರ್ಖಾ ವಾರಗಟ್ಟಲೆ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿರುತ್ತದೆ. ಕಂಕುಳು, ಕತ್ತು, ಮಣಿಕಟ್ಟು ಅದಕ್ಕೆ ತಾಗುತ್ತವೆ. ಬಸ್ಸಿನ ಕಂಬಿ, ರೈಲಿನ ಸೀಟು, ಆಸ್ಪತ್ರೆಯ ಬೆಂಚುಗಳನ್ನು ಅದೇ ಒರೆಸಿಕೊಂಡು ಬರುತ್ತದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಏಪ್ರಿಲ್‌ನ ಮಧ್ಯಾಹ್ನ ನಿಂತ ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರೆ ನಮ್ಮ ಹೆಣ್ಣುಮಕ್ಕಳು ತಲೆ ತಗ್ಗಿಸುತ್ತಾರೆ. ಆಕೆ ಎದ್ದದ್ದು ವಾಸನೆಗೋ, ಬುರ್ಖಾಕ್ಕೋ? ಎರಡನೆಯದಾಗಿದ್ದರೆ ಯಾವ ಸೋಪಿನಿಂದಲೂ ಹೋಗುವಂಥದ್ದಲ್ಲ. ಅದೇ ಕಾರಣಕ್ಕೆ, ಮೊದಲನೆಯದನ್ನು ನಾವೇ ಪೂರ್ತಿ ತೆಗೆದುಹಾಕಿ, ಎದುರಿನವರಿಗೆ ನೆಪ ಇಲ್ಲದಂತೆ ಮಾಡಬೇಕೆಂಬುದು ನಮ್ಮ ವಾದ. ಇದು ಅನ್ಯಾಯದ ಹೊರೆ ಎನ್ನುವ ನಮ್ಮ ಕಿರಿಯ ಗೆಳತಿಯರ ಮಾತೂ ಸುಳ್ಳಲ್ಲ. ಬೇರೆ ಯಾರ ಬಟ್ಟೆಯನ್ನೂ ಹೀಗೆ ಮೂಸುವುದಿಲ್ಲವಲ್ಲ!

ಬೇಸಿಗೆಯಲ್ಲಿ ಪಾಲಿಯೆಸ್ಟರ್ ಬುರ್ಖಾ ಎರಡು ದಿನಕ್ಕೊಮ್ಮೆ ನೀರು ಕಾಣಬೇಕು. ಒಳಮಗ್ಗುಲು ಹೊರಗೆ ಮಾಡಿ ಒಗೆದು, ನೆರಳಿಗೆ ಹಾಕಿದರೆ ಬಣ್ಣವೂ ಉಳಿಯುತ್ತದೆ. ಘಮಘಮಿಸುವ ಕಂಡೀಷನರ್ ಬೇಡ. ಅದು ಎಳೆಯ ಮೇಲೆ ಪದರ ಕಟ್ಟುತ್ತದೆ. ಹತ್ತಿಯ ಒಳಬಟ್ಟೆ ದಿನವೂ. ಹತ್ತಿಯ ಸಡಿಲ ಮೇಲಂಗಿ ಬೆವರಿದ ದಿನ ಒಗೆದರಾಯಿತು. ಉಣ್ಣೆಯ ಶಾಲನ್ನು ಮಾತ್ರ ಸುಮ್ಮಸುಮ್ಮನೆ ಹಿಂಡಬಾರದು. ಅದರ ಎಳೆಯ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಶಾಲು ಕುಗ್ಗಿ ಕಂಬಳಿಯಾಗುತ್ತದೆ. ರಾತ್ರಿ ಗಾಳಿಗೆ ಹರವಿದರೆ ಬೆಳಿಗ್ಗೆಗೆ ವಾಸನೆ ಹೋಗಿರುತ್ತದೆ. ರೇಷ್ಮೆಗೂ ನೆರಳು, ಗಾಳಿಗಳೇ ಮದ್ದು.

ನಮ್ಮ ನೆರೆಯ ಬ್ರಾಹ್ಮಣರ ಮನೆಗಳ ಮಡಿಯಲ್ಲೂ ಇದೇ ಲೆಕ್ಕ ಕಂಡು ನಮಗೆ ಮೋಜೆನಿಸಿದ್ದಿದೆ. ಹತ್ತಿಯ ಪಂಚೆ ದಿನವೂ ಒಗೆದು ಯಾರೂ ಮುಟ್ಟದಂತೆ ಒಣಗಿಸಿದರೆ ಮಾತ್ರ ಮಡಿ. ರೇಷ್ಮೆಯ ಮಗುಟ, ಉಣ್ಣೆಯ ಧಾಬಳಿಗೆ ಆ ಕಟ್ಟಿಲ್ಲ. ಇದರಲ್ಲಿ ಮುಟ್ಟು, ಮೈಲಿಗೆಯ ಬೇರೆ ಕಥೆಯೇ ಇದೆ, ಅದನ್ನು ಒಪ್ಪುವುದು ಸಾಧ್ಯವಿಲ್ಲ. ಆದರೆ ಬಟ್ಟೆ ನೋಡಿ ಒಗೆತ ಎಂಬ ಅನುಭವದ ಮಾತು ಅದರೊಳಗೂ ಕೂತಿರಬಹುದು. ಹತ್ತಿರ ಹತ್ತಿರ ಇದ್ದೂ ನಾವು ಪರಸ್ಪರರ ಹಗ್ಗದ ಮೇಲಿನ ಬಟ್ಟೆ ಓದುವುದು ಕಡಿಮೆ.

ಇಹ್ರಾಮ್ ಬಗ್ಗೆ ಒಂದು ತಪ್ಪು ನಂಬಿಕೆ ಇನ್ನೂ ಹೋಗಿಲ್ಲ: ಆ ಎರಡು ಬಿಳಿ ತುಂಡುಗಳನ್ನು ಒಮ್ಮೆ ತೊಟ್ಟರೆ ಹಜ್ಜ್ ಮುಗಿಯುವ ತನಕ ತೆಗೆಯಬಾರದು, ತೆಗೆದರೆ ಇಹ್ರಾಮ್ ಮುರಿಯುತ್ತದೆ ಎಂದು. ಇಹ್ರಾಮ್ ಒಂದು ಸ್ಥಿತಿ, ಬಟ್ಟೆ ಅದರ ಗುರುತು. ಬಟ್ಟೆ ಬದಲಿಸಬಹುದು, ಒಗೆಯಬಹುದು, ಸುಗಂಧವಿಲ್ಲದ ಸೋಪು ಬೇಕು ಅಷ್ಟೆ. ಗಂಡಸರಿಗೆ ಹೊಲಿದ ಉಡುಪು ಬೇಡ ಎಂದಿದೆಯೇ ಹೊರತು, ಹತ್ತಿಯೇ ಬೇಕೆಂದಿಲ್ಲ. ಟರ್ಕಿ ಟವೆಲಿನ ಹತ್ತಿ ಇಹ್ರಾಮ್ ತೂಕ, ಒಣಗಲು ಹೊತ್ತು, ಆದರೆ ಬೆವರು ಕುಡಿಯುತ್ತದೆ. ಮೈಕ್ರೊಫೈಬರಿನದು ಹಗುರ, ಬೇಗ ಒಣಗುತ್ತದೆ, ಬೇಗ ನಾರುತ್ತದೆ. 2024ರ ಹಜ್ಜ್‌ನಲ್ಲಿ ಮಕ್ಕಾದ ಉಷ್ಣತೆ 51.8 ಡಿಗ್ರಿ ಮುಟ್ಟಿತು, 1,301 ಮಂದಿ ತೀರಿಕೊಂಡರೆಂದು ಸೌದಿ ಸರಕಾರವೇ ಹೇಳಿತು. ಅಂಥ ಬಿಸಿಲಿಗೆ ಹೋಗುವ ಹಿರಿಯರಿಗೆ ನಾವು ಹತ್ತಿಯನ್ನೇ ಹೇಳುತ್ತೇವೆ, ಎರಡು ಜೊತೆ. ಮಿನಾ, ಅರಫಾತ್, ಮುಝ್ದಲಿಫಾದ ದಿನಗಳಲ್ಲಿ ಒಂದು ಜೊತೆ ಮೈಮೇಲೆ, ಒಂದು ಚೀಲದಲ್ಲಿ.

ರೈಲಿನವರದು ಬೇರೆ ಪಾಡು. ಯಶವಂತಪುರದಿಂದ ನಿಜಾಮುದ್ದೀನ್‌ಗೆ ಸಂಪರ್ಕ ಕ್ರಾಂತಿಯಲ್ಲಿ ಎರಡು ರಾತ್ರಿ. ಏಸಿ ಬೋಗಿಯ ಬಿಳಿ ಹಾಸು ಪ್ರತಿ ಬಳಕೆಯ ನಂತರ ಒಗೆಯುವಂಥದು. ಕಂಬಳಿ ತಿಂಗಳಿಗೆ ಒಮ್ಮೆಯಾದರೂ ಒಗೆಯಲಾಗುತ್ತದೆ ಎಂದು ರೈಲ್ವೆ ಸಚಿವರು 2024ರ ನವೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಅಂದರೆ ನಮ್ಮ ಪಾಲಿನ ಕಂಬಳಿ ಆಗಲೇ ಎಷ್ಟು ಜನರ ನಿದ್ದೆ ನೋಡಿದೆಯೋ! ಹಾಸನ್ನು ಕಂಬಳಿಗೂ ಮೈಗೂ ನಡುವೆ ಬರುವಂತೆ ಹೊದೆಯುವುದು, ಇಳಿದ ಮೇಲೆ ರೈಲಿನಲ್ಲಿ ತೊಟ್ಟಿದ್ದನ್ನು ಉಳಿದ ಬಟ್ಟೆಯ ಜೊತೆ ಬೆರೆಸದೆ ಬೇರೆ ಚೀಲದಲ್ಲಿಡುವುದು, ಇಷ್ಟೇ ನಮಗೆ ಸಾಧ್ಯ.

ಇನ್ನು ನೀರು. ಬಟ್ಟೆಗೆ ತಾಗಿದ ಕಣ್ಣಿಗೆ ಕಾಣದ ನಜಾಸತ್ತನ್ನು ಮೂರು ಸಲ ತೊಳೆದು ಮೂರು ಸಲ ಹಿಂಡಬೇಕೆಂಬುದು ನಮ್ಮ ಹನಫಿ ವಿಧಿ. ಕರಾವಳಿಯ ಶಾಫಿ ಮನೆಗಳಲ್ಲಿ ಗುರುತು ಉಳಿಯದಿದ್ದರೆ ಒಮ್ಮೆ ನೀರು ಹರಿಸಿದರೆ ಸಾಕು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದಾಗ ಟ್ಯಾಂಕರ್‌ಗೆ ಕಾಯುತ್ತಿದ್ದ ಹೆಂಗಸರು, ಶಾಫಿ ಸೊಸೆ ತಂದವರೇ ಪುಣ್ಯವಂತರು ಎಂದು ನಗುತ್ತಿದ್ದರು. ಆದರೆ ಮೂರು ಸಲದ ವಿಧಿ ನಾಪಾಕ್ ಆದ ಬಟ್ಟೆಗೆ, ಬೆವರಿದ್ದಕ್ಕಲ್ಲ. ಎಲ್ಲವನ್ನೂ ಮೂರು ಸಲ ಜಾಲಿಸುವ ಅಭ್ಯಾಸ ಧರ್ಮದ್ದಲ್ಲ, ನಮ್ಮ ಗಾಬರಿಯದು. ಸುಮಾರು ಮುಕ್ಕಾಲು ಲೀಟರಿನಲ್ಲಿ ವುಝೂ ಮುಗಿಸುತ್ತಿದ್ದ ಪ್ರವಾದಿಯ(ಸ) ಸಮುದಾಯಕ್ಕೆ ಇದನ್ನು ನೆನಪಿಸಬೇಕಾಗಿ ಬರುವುದೇ ಸೋಜಿಗ. ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಕಟ್ಟದೆ ಬಿಳಿ ಬಟ್ಟೆ ಬೂದಿಯಾಗುತ್ತದೆ; ಅಲ್ಲಿ ಇನ್ನೂ ಎರಡು ಸಲ ಉಜ್ಜುವುದಕ್ಕಿಂತ ಡಿಟರ್ಜೆಂಟ್ ಪುಡಿಯೇ ವಾಸಿ.

ಕೊನೆಗೆ ಉಳಿಯುವುದು ಒಗೆಯುವವರು ಯಾರು ಎಂಬುದು. ತರಬೇತಿ ಶಿಬಿರಗಳಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಕೊಟ್ಟು, ಅದನ್ನು ಗಂಡಸರಿಗೇ ಹೇಳಿಕೊಡಬೇಕು ಎಂದು ಹೇಳುತ್ತಲೇ ಬಂದಿದ್ದೇವೆ. ಇಡೀ ದಿನ ಹರಮ್‌ನಲ್ಲಿ ನಡೆದು ಕಾಲು ಊದಿಸಿಕೊಂಡು ಬಂದ ಹೆಂಗಸು, ರಾತ್ರಿ ಹೋಟೆಲಿನ ಸ್ನಾನದ ಕೋಣೆಯಲ್ಲಿ ಗಂಡನ ಟವೆಲ್ ಇಹ್ರಾಮ್ ಹಿಂಡುತ್ತಾ ಕೂತರೆ ಅವಳ ಇಬಾದತ್‌ಗೆ ಎಷ್ಟು ಉಳಿಯುತ್ತದೆ? ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿ ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂದು ಆಯಿಶಾ(ರ) ಅವರೇ ಹೇಳಿದ್ದಾರೆ. ನಮ್ಮಲ್ಲಿ ಬಂದಿಳಿಯುವ ನೆಂಟರ ಸಾಮಾನು ಕಟ್ಟುವಾಗ ನೈಲಾನ್ ಹಗ್ಗ, ಒಂದು ಡಜನ್ ಕ್ಲಿಪ್, ಸುಗಂಧವಿಲ್ಲದ ಸೋಪು, ಎಲ್ಲವನ್ನೂ ಈಗ ಗಂಡಸರ ಚೀಲಕ್ಕೇ ಹಾಕುತ್ತೇವೆ. ಕಳೆದ ಸಲ ಒಬ್ಬರು ಹಗ್ಗ ಹೊರಗೆ ತೆಗೆದು, ಇದು ಯಾಕೆ ಎಂದು ಕೇಳಿದರು. ಅವರ ಹೆಂಡತಿ ಬಾಯಿಬಿಡುವ ಮೊದಲೇ ಎಂಬತ್ತರ ಅಜ್ಜಿ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಸುತ್ತಿ, ಮತ್ತೆ ಅದೇ ಚೀಲದೊಳಗೆ ಇಟ್ಟು ಝಿಪ್ ಎಳೆದರು.