ಪಟ್ಟಿಯೂ ಪೆಟ್ಟಿಗೆಯೂ

ಕಣ್ಣಿಗೂ ಕಿವಿಗೂ ಪಂಥ ಬಿದ್ದರೆ ಗೆಲ್ಲುವುದು ಸಾಮಾನ್ಯವಾಗಿ ಕಣ್ಣೇ. ಅಂಗಡಿಯಿಂದ ಸೌಂಡ್‌ಬಾರು ನಮ್ಮ ನಡುಮನೆಗೆ ದಯಮಾಡಿಸಿದ ದಿನ ನನಗೆ ಹಾಗೆ ತೋರಿತು. ಮೂರಡಿ ಉದ್ದ, ಮೂರಂಗುಲ ಎತ್ತರ. ಕರಿಯ ಬಟ್ಟೆ ಹೊದ್ದು ಟೀವಿಯ ಕೆಳಗೆ ಸಾಧುಪ್ರಾಣಿಯ ಹಾಗೆ ಮಲಗಿರುವ ಒಂದು ಪಟ್ಟಿ. ಮೂಲೆಯಲ್ಲಿ, ನಮ್ಮ ತಂದೆಯವರು 1974ರಲ್ಲಿ ಕೈಯಾರೆ ಮಾಡಿದ ಸ್ಪೀಕರಿನ ಪೆಟ್ಟಿಗೆ: ತೇಗದ ಹಲಗೆ, ಅಕ್ಕಿಡಬ್ಬದ ಗಾತ್ರ, ಮುಂಭಾಗಕ್ಕೆ ಅಮ್ಮನ ಹಳೆಯ ಸೀರೆಯ ತುಂಡು.

ಪಟ್ಟಿ ಬಂದ ಮೇಲೆ ಪೆಟ್ಟಿಗೆ ಗುಜರಿಗೆ ಹೋಗತಕ್ಕದ್ದೆಂದು ನನ್ನ ಮಗನ ವಾದ. ಎರಡು ಕೋಣೆಯ ಮನೆ, ವಾದ ನ್ಯಾಯವಾದದ್ದೇ. ಅಮ್ಮ ಏನೂ ಹೇಳಲಿಲ್ಲ. ತಂದೆಯವರು ತೀರಿಕೊಂಡ 2009ರಿಂದ ಆ ಪೆಟ್ಟಿಗೆ ಬಾಯಿ ತೆರೆದದ್ದಿಲ್ಲ. ಅಮ್ಮನೂ ಸಂಗೀತ ಕೇಳುವುದನ್ನು ಹೆಚ್ಚುಕಡಿಮೆ ಆಗಲೇ ಬಿಟ್ಟಿದ್ದಳು. ಮದುವೆಗೆ ಮುಂಚೆ ಎಂಟು ವರ್ಷ ವೀಣೆ ಕಲಿತವಳು.

ತಂದೆಯವರ ಹುಚ್ಚಿಗೆ ಮೈಸೂರಿನ ಗಾಳಿಯೇ ಕಾರಣವಿರಬೇಕು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದ ಊರಲ್ಲವೆ ಅದು? ಮನಶ್ಶಾಸ್ತ್ರದ ಪ್ರಾಧ್ಯಾಪಕರು ಮನೆಯಲ್ಲಿ ಆಕಾಶವಾಣಿಯನ್ನೇ ಕಟ್ಟಬಹುದಾದರೆ ಒಬ್ಬ ಗುಮಾಸ್ತ ಒಂದು ಪೆಟ್ಟಿಗೆಯನ್ನು ಕಟ್ಟಬಾರದೆ?

ಶಬ್ದವೆಂದರೆ ಗಾಳಿಯನ್ನು ನೂಕುವ ಕೆಲಸ. ಮಂದ್ರಸ್ವರಕ್ಕೆ ಬಹಳ ಗಾಳಿಯನ್ನು ನೂಕಬೇಕು. ತಂದೆಯವರ ಸ್ಪೀಕರು ಎಂಟಂಗುಲದ್ದು. ಪಟ್ಟಿಯೊಳಗಿನವು ಎರಡೂವರೆ ಅಂಗುಲದವು. ಲೆಕ್ಕ ಹಾಕಿ ನೋಡಿ: ಅಂಥ ಹತ್ತು ಮರಿಗಳನ್ನು ಒಟ್ಟುಗೂಡಿಸಿದರೆ ಒಂದು ಎಂಟಂಗುಲದ ವಿಸ್ತೀರ್ಣ. ಪಟ್ಟಿಯಲ್ಲಿದ್ದದ್ದು ನಾಲ್ಕು. ಅದಕ್ಕೇ ಕೆಲವು ಪಟ್ಟಿಗಳ ಜೊತೆಗೆ ಮಂದ್ರಕ್ಕೆಂದೇ ಬೇರೊಂದು ಡಬ್ಬಿ ಕೊಡುತ್ತಾರೆ. ಅಂದರೆ ಪೆಟ್ಟಿಗೆಯನ್ನು ಹೊರಗೆ ಹಾಕಿದವರು ಹಿತ್ತಲ ಬಾಗಿಲಿಂದ ಮತ್ತೆ ಕರೆತಂದಂತಾಯಿತು! ನಮ್ಮದರ ಜೊತೆಗೆ ಅದು ಬಂದಿರಲಿಲ್ಲ. ಪೆಟ್ಟಿಗೆಯಾದರೂ ಏತಕ್ಕೆ ಎನ್ನುವಿರಾ? ಸ್ಪೀಕರಿನ ಕಾಗದ ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಬೆನ್ನಿನ ಕಡೆ ಗಾಳಿ ತೆರವಾಗುತ್ತದೆ. ಈ ಎರಡನ್ನೂ ಕೂಡಲು ಬಿಟ್ಟರೆ ಮಂದ್ರವೆಲ್ಲ ಪರಸ್ಪರ ಅಳಿಸಿಹೋಗುತ್ತದೆ. ಬೆನ್ನಿನ ಶಬ್ದವನ್ನು ಸೆರೆಯಲ್ಲಿಡುವುದು ಪೆಟ್ಟಿಗೆಯ ಕರ್ತವ್ಯ.

ಮಗ ಇಂಜಿನಿಯರು. ಬಾಯಿಮಾತಿಗೆ ಒಪ್ಪುವವನಲ್ಲ. ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ಅಂಗೈಯಗಲದ ಆಂಪ್ಲಿಫೈಯರ್ ತಂದ. ಪಟ್ಟಿಯನ್ನೂ ಪೆಟ್ಟಿಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ಮುಂದೆ ಹಾಸಿಗೆಯ ಚಾದರ ಇಳಿಬಿಟ್ಟ. ಎರಡರ ಗಟ್ಟಿತನವನ್ನೂ ಸಮಮಾಡಿದ. ಗಟ್ಟಿಯಾಗಿ ನುಡಿದದ್ದೇ ಚೆನ್ನಾಗಿ ನುಡಿದಂತೆ ಕಿವಿಗೆ ಭ್ರಮೆಯಾಗುತ್ತದಂತೆ. (ಸಭೆಗಳಲ್ಲಿ ಭಾಷಣ ಕೇಳಿದವರಿಗೆ ಇದು ಹೊಸ ವಿಷಯವಲ್ಲ.)

ಮೊದಲು ವಾರ್ತೆ. ಇಲ್ಲಿ ಪೆಟ್ಟಿಗೆ ಸೋತಿತು, ಸಂಶಯವೇ ಇಲ್ಲ. ಅದರ ಮಾತು ಕಂಬಳಿಯೊಳಗಿಂದ ಬಂದಂತಿತ್ತು. ಸಕಾರ ಶಕಾರಗಳು ಮಸಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ತಾರದ ಆ ಸದ್ದುಗಳನ್ನೇ. ಎಂಬತ್ತಾರರ ಅಮ್ಮನಿಗೆ ಪಟ್ಟಿಯ ಮಾತು ಮಾತ್ರ ಸ್ಪಷ್ಟವಾಗಿ ತಿಳಿಯಿತು. “ಇದೇ ಇರಲಪ್ಪ, ಟೀವಿಯಲ್ಲಿ ಅವರು ಏನಂತಾರೆ ಅಂತ ನಿನ್ನ ಹೆಂಡತೀನ ಕೇಳೋದು ತಪ್ಪತ್ತೆ” ಎಂದಳು. ಮಗ ನನ್ನನ್ನು ನೋಡಿ ನಕ್ಕ. ಗುಜರಿಯವನ ಸೈಕಲ್ಲಿನ ಗಂಟೆ ನನಗೆ ಆಗಲೇ ಕೇಳಿಸತೊಡಗಿತು.

ಆಮೇಲೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಪಟ್ಟಿಯಲ್ಲಿ ಅದು ಅಚ್ಚುಕಟ್ಟಾಗಿ, ಹೊಳಪಾಗಿ ಕೇಳಿಸಿತು. ಮೀಟು ಮೀಟೂ ಎಣಿಸಬಹುದಿತ್ತು. ಆದರೆ ಮೃದಂಗದ ತೊಪ್ಪಿಯನ್ನು ರಟ್ಟಿನ ಮೇಲೆ ಬಾರಿಸಿದಂತೆ. ಮಗ ಸ್ವಿಚ್ಚು ತಿರುಗಿಸಿದ. ಹೊಳಪು ಹೋಯಿತು. ಅದರ ಬದಲು ತಂತಿಯ ಕೆಳಗೆ ಒಂದು ಮರದ ಕೊಡ ಇದೆಯೆಂಬುದು ಗೊತ್ತಾಯಿತು. ಮಂದ್ರದ ತಂತಿಯನ್ನು ಮೀಟಿದಾಗ ನೆಲದ ಮೇಲೆ ಕುಳಿತಿದ್ದ ನನಗೆ ಅಂಗಾಲಿನಲ್ಲಿ ತಿಳಿಯಿತು.

ಅಮ್ಮನ ಎಡಗೈ ಮಡಿಲಿನಲ್ಲಿ ಚಲಿಸುತ್ತಿತ್ತು. ಬೆರಳುಗಳು ಮೆಟ್ಟಿಲು ಹುಡುಕುತ್ತಿದ್ದವು.

“ಇದು ನಿಮ್ಮ ತಂದೇದು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಇನ್ನೊಂದು ಹಾಕು ಮಗು.”

ರಾತ್ರಿ ಹತ್ತೂವರೆಯವರೆಗೆ ಹಾಕಿದ. ಮರುದಿನ, ತಂತಿ ಹಳೆಯದಾಗಿದೆ, ಬದಲಾಯಿಸುತ್ತೇನೆಂದು ಮಗನೇ ಪೆಟ್ಟಿಗೆಯ ಹಿಂಬದಿಯ ಮೊಳೆಗಳನ್ನು ಬಿಚ್ಚಿದ. ಗೋಡೆಗೆ ಬಡಿದು ಮರಳುವ ಸದ್ದನ್ನು ಹೀರಲೆಂದು ಒಳಗೆ ಮೆತ್ತಗಿನದೇನನ್ನಾದರೂ ತುಂಬುವುದು ವಾಡಿಕೆ. ಅವನು ಕೈಹಾಕಿ ಎಳೆದಾಗ ಬಂದದ್ದು ಬೂರುಗದ ಹತ್ತಿ, ಅದರ ಸುತ್ತ ನೀಲಿ ಗೆರೆಯ ದಿಂಬಿನ ಬಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿದಳು. “ಅಯ್ಯೋ, ನನ್ನ ದಿಂಬು! ನಿನ್ನ ಸೋದರತ್ತೆ ಊರಿಗೆ ಒಯ್ದಳು ಅಂತ ಐವತ್ತು ವರ್ಷ ಅಂದುಕೊಂಡಿದ್ದೆನಲ್ಲೋ!”