ಪಾನಾ ಯಾರ ಕೈಯಲ್ಲಿ?

ನಾನು ಎಂಟನೆಯ ತರಗತಿಯಲ್ಲಿದ್ದಾಗ ಸರ್ಕಾರದ ಸೈಕಲ್ ಬಂತು. 2006-07ರಲ್ಲಿ ಶುರುವಾದ ಯೋಜನೆ ಅದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್. ಇಳಕಲ್ಲಿನ ನಮ್ಮ ಓಣಿಯಲ್ಲಿ ಅದನ್ನು ತುಳಿದವಳು ನಾನು, ಪಂಚರ್ ತಿದ್ದುತ್ತಿದ್ದವನು ಅಣ್ಣ. ನನ್ನ ಕೆಲಸ ಚಕ್ರ ಹಿಡಿದುಕೊಳ್ಳುವುದು. ಮಗ್ಗದ ಮನೆಯಲ್ಲಿ ಇದೇನೂ ಹೊಸದಲ್ಲ. ಕಂಡಿಕೆ ಸುತ್ತಲು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಲು ಅವ್ವ ಬೇಕು. ಆದರೆ ನೇಕಾರ ಅಂದರೆ ಅಪ್ಪ ಮಾತ್ರ.

ಕೊರೊನಾ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು. ಇದ್ದ ಸೈಕಲ್‌ಗಳೇ ಅಕ್ಕನಿಂದ ತಂಗಿಗೆ ಇಳಿದು ಬಂದವು. ಸಂಶೋಧನೆಗಾಗಿ ಹುನಗುಂದ ತಾಲ್ಲೂಕಿನ ಹಳ್ಳಿಗಳಲ್ಲಿ ತಿರುಗುವಾಗ ಅವು ಗೋಡೆಗೆ ಒರಗಿ ನಿಂತಿರುವುದನ್ನು ಕಂಡೆ. ಕೆಟ್ಟದ್ದು ದೊಡ್ಡದೇನಲ್ಲ: ಒಣಗಿ ಬಿರಿದ ವಾಲ್ ಟ್ಯೂಬು, ಸಡಿಲಾದ ಚೈನು, ಸವೆದ ಬ್ರೇಕ್ ರಬ್ಬರು. ಬಾಗಲಕೋಟೆಯ ಒಬ್ಬ, ಬಾದಾಮಿಯ ಇಬ್ಬರು ಗೆಳೆಯರು ಮತ್ತು ನಾನು ಸೇರಿ ಒಂದು ಹಳ್ಳಿಯಲ್ಲಿ ಭಾನುವಾರದ ರಿಪೇರಿ ಶುರುಮಾಡಿದೆವು. ಪಂಪು, ಪಾನಾ, ಸಲೂಷನ್, ಒಂದು ಬೋಗುಣಿ ನೀರು, ಇಷ್ಟೇ ಬಂಡವಾಳ. ಗುಡಿಯ ಕಟ್ಟೆಗೆ ಬೇವಿನ ನೆರಳಿತ್ತು, ಅಲ್ಲಿಯೇ ಕುಳಿತೆವು. ದುಡ್ಡು ಬೇಡ, ಎಲ್ಲರೂ ಬನ್ನಿ ಎಂದು ಶಾಲೆಯಲ್ಲಿ ಹೇಳಿಸಿದೆವು.

ಮೂರು ವಾರ ಸೈಕಲ್‌ಗಳ ಸಾಲು. ಒಂದು ಕೇರಿಯಿಂದ ಮಾತ್ರ ಒಂದೂ ಬರಲಿಲ್ಲ. ಅವರಿಗೆ ಸುದ್ದಿ ಮುಟ್ಟಿಲ್ಲ ಅಂದುಕೊಂಡೆವು. ನಾಲ್ಕನೆಯ ವಾರ ಒಬ್ಬ ಹುಡುಗಿ ಗಾಳಿ ಹೋದ ಸೈಕಲ್ ತಳ್ಳಿಕೊಂಡು ನಮ್ಮ ಮುಂದೆಯೇ ಹಾದುಹೋದಳು. ಓಡಿಹೋಗಿ ತಡೆದೆ.

"ಯಾಕವಾ, ಇಲ್ಲೇ ಪುಕ್ಕಟೆ ಮಾಡಾಕತ್ತೀವಲ್ಲ?"

"ಗೊತ್ತೈತ್ರಿ ಅಕ್ಕಾ. ಆ ಕಟ್ಟಿಗೆ ನಾವು ಬರೂದಿಲ್ರಿ."

ದನಿಯಲ್ಲಿ ದೂರು ಇರಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳಿದಂತೆ ಹೇಳಿದಳು. ಕೂಡಲಸಂಗಮ ಇದೇ ತಾಲ್ಲೂಕಿನಲ್ಲಿದೆ. ಬಸವಣ್ಣನ ಬಗ್ಗೆ ಭಾಷಣ ಮಾಡಿ ಬಹುಮಾನ ಗೆದ್ದವಳು ನಾನು. ಕೂರುವ ಜಾಗ ಆರಿಸುವಾಗ ಮಾತ್ರ ನೆರಳನ್ನಷ್ಟೇ ನೋಡಿದ್ದೆ.

ಮುಂದಿನ ಭಾನುವಾರ ಶಾಲೆಯ ಅಂಗಳಕ್ಕೆ ಹೋದೆವು. ಅಲ್ಲಿ ಬಿಸಿಲು ಹೆಚ್ಚು. ಹುಡುಗಿ ಬಂದಳು. ನಾನು ಪಾನಾ ಎತ್ತಿಕೊಂಡೆ. "ನೀವು ಚಕ್ರ ಹಿಡೀರಿ ಅಕ್ಕಾ, ನಾ ಬಿಚ್ಚತೀನಿ" ಎಂದಳು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕಿದಳು. ಅರದಿಂದ ತಿಕ್ಕಿ, ಸಲೂಷನ್ ಹಚ್ಚಿ, ಅದು ಆರುವವರೆಗೆ ಕಾದು ತುಂಡು ಅಂಟಿಸಿದಳು. ಪಂಚರ್ ಅಂಗಡಿಯ ಎದುರು ನಿಂತು ನೋಡಿಯೇ ಕಲಿತದ್ದಂತೆ. ಆರುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ನಾನು ಹಾಕಿದ ತುಂಡುಗಳು ಬಿಟ್ಟುಕೊಳ್ಳುತ್ತಿದ್ದುದು ಯಾಕೆಂದು ಅಂದು ತಿಳಿಯಿತು.

ಆಮೇಲಿನ ವಾರಗಳಲ್ಲಿ ಅವಳೂ ನಮ್ಮ ಜೊತೆ ರಿಪೇರಿಗೆ ಕುಳಿತಳು. ಗುಡಿ ಓಣಿಯ ಹುಡುಗನೊಬ್ಬ ಅವಳ ಕೈ ಖಾಲಿ ಇದ್ದರೂ ಸೈಕಲ್ ಕೊಡದೆ ನನಗಾಗಿ ಕಾಯುತ್ತಿದ್ದ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ, ಬೇಕೆಂದೇ ತಡಮಾಡಿದೆ. ತಿರುಗಿ ಬಂದಾಗ ಪಾನಾ ಅವಳ ಕೈಯಲ್ಲಿತ್ತು, ಹುಡುಗ ಚಕ್ರ ಹಿಡಿದುಕೊಂಡಿದ್ದ.

ಇದನ್ನು ಗೆಲುವು ಎಂದು ಬರೆಯಲಾರೆ. ನಾವು ಜಾಗ ಬದಲಿಸಿದೆವು, ಕಟ್ಟೆ ಬದಲಾಗಿಲ್ಲ. ಅವಳು ಈಗಲೂ ಅದರ ಮುಂದಿನಿಂದಲೇ ಶಾಲೆಗೆ ಹೋಗುತ್ತಾಳೆ. ಸೈಕಲ್ ತುಳಿದುಕೊಂಡು ಹೋಗುತ್ತಾಳೆ. ಆದರೆ ಅಲ್ಲಿ ನಿಲ್ಲುವುದಿಲ್ಲ.